ಒಂದೂವರೆ ಗೇಣು ತಂತಿ

ಮೊದಲ ಕೆಲಸ ಬ್ಯಾಟರಿ ಬಿಚ್ಚುವುದು.
ಈ ಹಳೆಯ ಬೆಡ್‌ಫರ್ಡ್ ಬಸ್ಸಿನಲ್ಲಿ ಎಲ್ಲ ತಲೆಕೆಳಗು:
ಧನವನ್ನು ಚಾಸಿಗೆ ಬಿಗಿದು
ಋಣವನ್ನು ತಂತಿಯಲ್ಲಿ ಓಡಾಡಲು ಬಿಟ್ಟಿದ್ದಾರೆ.
ಇದ್ದದ್ದೆಲ್ಲ ಕಬ್ಬಿಣಕ್ಕೆ, ಸಾಲ ಊರ ತುಂಬ.
ಡ್ರೈವರ್ ಚೆನ್ಸುವಿನ ಸಂಸಾರವೂ
ಹೆಚ್ಚುಕಡಿಮೆ ಹಾಗೇ ನಡೆದಿತ್ತಂತೆ,
ಜೇತುನ್ ಪೇಟೆಯಲ್ಲಿ ಈಗಲೂ ಹೇಳುತ್ತಾರೆ.

ಪೆಡಲುಗಳ ನಡುವೆ ತಲೆಯಿಟ್ಟು ಮಲಗಿದ್ದೇನೆ, ಬಾಯಲ್ಲಿ ಟಾರ್ಚು.
ಕಂದು, ಬ್ಯಾಟರಿಯಿಂದ ಬರುವುದು.
ಬಿಳಿ, ಕಾಯಿಲ್‌ಗೆ ಹೋಗುವುದು.
ಹಸಿರು, ಹಾರನ್ನಿಗೆ, ವೈಪರಿಗೆ.
ನಕ್ಷೆಯಲ್ಲಿ ಹಾಗಿದೆ.
ಇಲ್ಲಿ ಮೂರಕ್ಕೂ ಒಂದೇ ಬಣ್ಣ, ನಶ್ಯದ್ದು;
ಮೇಲಿನ ಬಟ್ಟೆ ಮುಟ್ಟಿದರೆ ಪುಡಿ, ಕಣ್ಣಿಗೇ ಬೀಳುತ್ತದೆ.

ಬಸ್ಸು ಈಗ ಸ್ಪಿರುವಿನದು. ಮದುವೆಗಳಿಗೆ ಬಾಡಿಗೆ ಬಿಡುತ್ತಾನಂತೆ.
"ಹಡಗಿನಿಂದ ಇಳಿದ ದಿನ ಹೇಗಿತ್ತೋ ಹಾಗೇ ಬೇಕು,
ಒಂದು ತಿರುಪೂ ಆಚೀಚೆ ಆಗಬಾರದು."
ದುಡ್ಡು ಕೊಡುವವನ ಮಾತು.

ಇಗ್ನಿಷನ್ ಸ್ವಿಚ್ಚು ಡ್ಯಾಶಿನ ಬಲಕ್ಕೆ. ಬಿಚ್ಚಿದೆ.
ಹಿಂದೆ ಮೂರು ತಿರುಪು, ನಿನ್ನೆ ಟಂಕಿಸಿದ ನಾಣ್ಯದ ಹಾಗೆ.
ಒಂದಕ್ಕೂ ತಂತಿಯಿಲ್ಲ.
ಕೀಲಿ ಹಾಕಿದರೆ ತಿರುಗುತ್ತದೆ,
ಕ್ಲಿಕ್ ಎನ್ನುತ್ತದೆ,
ಬರೀ ಶಾಸ್ತ್ರಕ್ಕೆ.

ಮತ್ತೆ ಅಷ್ಟು ವರ್ಷ ಬಸ್ಸು ಹೊರಟದ್ದು ಹೇಗೆ?

ಕಂದು ತಂತಿಯ ಜಾಡು ಹಿಡಿದೆ.
ಸ್ಟೀರಿಂಗ್ ಕಂಬವನ್ನು ಬಳಸಿ ಅದು ಎಡಕ್ಕೆ ಹೊರಳಿತ್ತು.
ಅಲ್ಲೊಂದು ಬೆಸುಗೆ. ಅದರಾಚೆ ಒಂದೂವರೆ ಗೇಣು
ಬೇರೆ ಕುಲದ ತಂತಿ, ಯಾವುದೋ ದೋಣಿಯದು,
ಮೈತುಂಬ ಬಲೆ ಹೆಣೆಯುವ ದಾರ,
ಗಂಟಿನ ಮೇಲೆ ಗಂಟು, ಒಂದೂ ನೆಟ್ಟಗಿಲ್ಲ,
ಒಂದೇ ಕೈಯಲ್ಲಿ ಹಿಡಿದು ಹಲ್ಲಿನಿಂದ ಎಳೆದವು.
ಕೊನೆಯಲ್ಲಿ, ಮೊಣಕಾಲಿನ ಮರೆಗೆ,
ಅಡುಗೆಮನೆ ದೀಪದ ಸ್ವಿಚ್ಚು.

ಎಡವಟ್ಟು, ಅಂದುಕೊಂಡೆ.
ಅಂದ ಮೇಲೆ ನಾಲಗೆ ಅಲ್ಲೇ ಎಡವಿತು.
ಬಲ ಎಂಬ ಒಂದೇ ಮಾತಿನಲ್ಲಿ
ದಿಕ್ಕನ್ನೂ ಕಸುವನ್ನೂ ಒಟ್ಟಿಗೆ ಇಟ್ಟುಕೊಂಡವರು
ಒಂದು ಕೈಬಿಟ್ಟಾಗ ಇನ್ನೊಂದನ್ನು ಎಲ್ಲಿ ಹುಡುಕಬೇಕು?

ಲುನ್ಜ್ಯಾಟ ಗ್ಲಾಸಿನಲ್ಲಿ ಕಾಫಿ ತಂದಳು.
ಎಂಬತ್ತಾರರ ಮುದುಕಿ; ಬಸ್ಸಿನ ಮೆಟ್ಟಿಲನ್ನು
ನೋಡದೆ ಹತ್ತುತ್ತಾಳೆ.
ಸ್ವಿಚ್ಚನ್ನು ತೋರಿಸಿದೆ.
"ಕಳ್ಳರ ಕಾಟ, ಅದಕ್ಕೇ ಗುಟ್ಟಾಗಿಟ್ಟೆ ಅಂದಿದ್ದ."
ಆಮೇಲೆ ಗ್ಲಾಸಿನ ಅಂಚು ಒರೆಸುತ್ತ:
"ಪರವಾನಗಿಯವರು ಬಂದ ದಿನ
ಬಲಗಡೆ ಕೀಲಿಯ ಮೇಲೆ ಅಂಗೈ ಇಟ್ಟು ಜೋರಾಗಿ ಕೆಮ್ಮುತ್ತಿದ್ದ,
ಎಡಗೈ ಕೆಳಗೆ ಹೋದದ್ದು ಅವರಿಗೆ ಕಾಣಲೇ ಇಲ್ಲ.
ಒಂಬತ್ತು ವರ್ಷ ಅವನ ಅಂಗಿಗಳನ್ನು
ಗುಂಡಿ ಹಾಕಿಯೇ ಮಡಿಸಿ ಇಡುತ್ತಿದ್ದೆ,
ತಲೆಯ ಮೇಲಿಂದ ಎಳೆದುಕೊಂಡರೆ ಸಾಕು.
ಯಾಕೆ ಹೀಗೆ ಅಂತ ಅವನು ಕೇಳಲಿಲ್ಲ.
ಎಲ್ಲಿಯ ಕಳ್ಳರು ಅಂತ ನಾನೂ ಕೇಳಲಿಲ್ಲ."

ಕಾಫಿಗೆ ಲವಂಗ ಹಾಕಿದ್ದಳು. ಕುಡಿದು ಮತ್ತೆ ಮಲಗಿದೆ.

ಹೊಸ ಕಂದು, ಹೊಸ ಬಿಳಿ, ಹೊಸ ಹಸಿರು.
ಕತ್ತರಿಸಿ, ತುದಿ ಕೆರೆದು, ತವರ ಕುಡಿಸಿ
ನಕ್ಷೆ ಹೇಳಿದಂತೆ ಬಲಕ್ಕೆ ತಂದು ತಿರುಪಿಗೆ ಬಿಗಿದೆ.
ಸಂಜೆ ಆರಕ್ಕೆ ಕೀಲಿ ತಿರುಗಿಸಿದರೆ
ಹಾರನ್ ಬಡಿದುಕೊಂಡಿತು, ನಿಲ್ಲಲೇ ಇಲ್ಲ;
ಇಗರ್ಜಿ ಗುಮ್ಮಟದ ಪಾರಿವಾಳಗಳೆಲ್ಲ ಎದ್ದವು,
ಎದುರು ಬಾಲ್ಕನಿಯ ವಿಸ್ತಿನ್ ಬೈದ, ನನಗಲ್ಲ, ಚೆನ್ಸುವಿಗೆ,
ಹಳೆಯ ರೂಢಿ.
ಹಸಿರನ್ನು ಬಿಚ್ಚಿ ಅದರ ಮನೆಗೆ ಸೇರಿಸಿದೆ.
ಎರಡನೆಯ ಸಲ ಎಂಜಿನ್ನು ಕೆಮ್ಮಿತು.
ಮೂರನೆಯ ಸಲ ಹಿಡಿಯಿತು.

ಲುನ್ಜ್ಯಾಟ ಡ್ರೈವರಿನ ಹಿಂದಿನ ಸೀಟಿನಲ್ಲಿದ್ದಳು.
ಇಡೀ ಬಸ್ಸು ನಡುಗುತ್ತಿರುವಾಗ
ಅವಳ ಕಣ್ಣು ಕೀಲಿಯ ಮೇಲಿರಲಿಲ್ಲ,
ಎಡಕ್ಕೆ, ಕೆಳಗೆ,
ಈಗ ಏನೂ ಇಲ್ಲದ ಕಡೆ.

ರಾತ್ರಿ ಸ್ಪಿರುವಿಗೆ ಬಿಲ್ ಬರೆದೆ.
ತಂತಿ ಹದಿನಾಲ್ಕು ಮೀಟರ್. ಸ್ವಿಚ್ಚು ಒಂದು. ಕೂಲಿ ಎರಡು ದಿನ.
ಡ್ಯಾಶಿನ ಹಿಂದೆ, ಎರಡೂ ತುದಿಗೆ ಟೇಪು ಸುತ್ತಿ,
ದಾರದ ಸಮೇತ ಸುರುಳಿ ಮಾಡಿಟ್ಟ ತಂತಿ,
ಒಂದೂವರೆ ಗೇಣು:
ತೆಗೆಯಬಾರದು. ದರವಿಲ್ಲ.